ಇಪ್ಪತ್ತೈದು ಅಡಿಗಳ ದಾರಿ

ನಡೆಯಬಲ್ಲವರು ನಡಿಗೆಯನ್ನು ಕುರಿತು ಯೋಚಿಸುವುದಿಲ್ಲ. ಮನೆಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ, ಅಂಗಡಿಯಿಂದ ಮರಳಿ ಮನೆಗೆ ಕಾಲುಗಳು ತಾವಾಗಿಯೇ ಹೋಗಿಬರುತ್ತವೆ. ಮನಸ್ಸು ಬೇರೆಲ್ಲೋ ಇರುತ್ತದೆ. ಕಾಲು ನೆನಪಿಗೆ ಬರುವುದು ಅದು ಹೇಳಿದ ಮಾತು ಕೇಳದೆ ಹೋದಾಗಲೇ.

ಕೆಲವು ವರ್ಷಗಳ ಹಿಂದೆ ಗಣಿತದ ಅಧ್ಯಾಪಿಕೆಯೊಬ್ಬರು ನನ್ನ ಬಳಿಗೆ ಬಂದರು. ವಯಸ್ಸು ನಲವತ್ತರ ಒಳಗೆ. ರೋಗ ಯಾವುದೆಂಬುದು ಬೆಂಗಳೂರಿನಲ್ಲಿ ಆಗಲೇ ನಿರ್ಣಯವಾಗಿತ್ತು; ಊರಿನಲ್ಲಿ ನೋಡಿಕೊಳ್ಳಲು ಒಬ್ಬ ವೈದ್ಯ ಬೇಕಾಗಿದ್ದ. ತೊಂದರೆ ಏನೆಂದು ಕೇಳಿದೆ. ಅವರು ನೋವು, ನಿಶ್ಶಕ್ತಿ ಮೊದಲಾದ ಮಾತುಗಳನ್ನು ಆಡಲಿಲ್ಲ. "ಡಾಕ್ಟ್ರೇ, ನಮ್ಮ ಸ್ಟಾಫ್ ರೂಮಿನಿಂದ ಹತ್ತನೆಯ ತರಗತಿಗೆ ನಲವತ್ತೆರಡು ಹೆಜ್ಜೆ. ಹೋದ ವರ್ಷ ನನಗೆ ಇದು ಗೊತ್ತಿರಲಿಲ್ಲ. ಈ ವರ್ಷ ದಿನಾ ಎಣಿಸುತ್ತೇನೆ" ಎಂದರು. ಒಂದು ರೋಗದ ಲಕ್ಷಣವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ರೋಗದ ಹೆಸರು ಮಲ್ಟಿಪಲ್ ಸ್ಕ್ಲೀರೋಸಿಸ್. ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರಿಲ್ಲ. ನಮ್ಮ ನಾಡಿನಲ್ಲಿ ಇದು ಯೂರೋಪಿನ ಉತ್ತರ ದೇಶಗಳಲ್ಲಿರುವಷ್ಟು ಸಾಮಾನ್ಯವಲ್ಲದಿರುವುದೂ ಅದಕ್ಕೆ ಒಂದು ಕಾರಣವಿರಬಹುದು. 2020ರ ಒಂದು ಎಣಿಕೆಯಂತೆ ಪ್ರಪಂಚದಲ್ಲಿ ಸುಮಾರು 28 ಲಕ್ಷ ಜನರಿಗೆ ಈ ರೋಗವಿತ್ತು. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅಧಿಕವಾಗಿ ಕಾಣಿಸಿಕೊಳ್ಳುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೇತ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ವೈದ್ಯ ಇದನ್ನು ಬೇರೆ ರೋಗಗಳಿಂದ ಪ್ರತ್ಯೇಕಿಸಿ ವಿವರಿಸಿದ. ತೀರಿಹೋದವರ ಮಿದುಳು ಮತ್ತು ಬೆನ್ನುಹುರಿಗಳನ್ನು ಪರೀಕ್ಷಿಸಿದಾಗ ಅಲ್ಲಲ್ಲಿ ಗಟ್ಟಿಯಾದ ಮಚ್ಚೆಗಳು ಕಂಡವು. ಅನೇಕ ಕಡೆ ಗಟ್ಟಿಯಾಗುವುದು, ಇಷ್ಟೇ ಆ ಹೆಸರಿನ ಅರ್ಥ.

ಗಟ್ಟಿಯಾಗುವುದು ಏಕೆ? ನಮ್ಮ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅದು ಉದ್ದಕ್ಕೂ ಒಂದೇ ಸಮನಾಗಿ ಇರದೆ, ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಚಿಕ್ಕ ಬಿಡುವನ್ನು ಬಿಟ್ಟಿರುತ್ತದೆ. ಮಲೆನಾಡಿನ ಹೊಳೆಯನ್ನು ದಾಟುವ ಹುಡುಗ ನೀರಿಗಿಳಿಯದೆ ಬಂಡೆಯಿಂದ ಬಂಡೆಗೆ ಹಾರುವಂತೆ, ನರದ ಸಂದೇಶ ಈ ಬಿಡುವಿನಿಂದ ಆ ಬಿಡುವಿಗೆ ಹಾರುತ್ತಾ ಸಾಗುತ್ತದೆ. ಆದುದರಿಂದಲೇ ಹೊದಿಕೆಯುಳ್ಳ ದಪ್ಪ ನರಗಳಲ್ಲಿ ಅದರ ವೇಗ ಸೆಕೆಂಡಿಗೆ ನೂರು ಮೀಟರನ್ನು ಮುಟ್ಟಬಲ್ಲದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಒಂದೆರಡು ಮೀಟರು ಮಾತ್ರ. ಈ ರೋಗದಲ್ಲಿ ದೇಹದ ಕಾವಲುಪಡೆ ತನ್ನದೇ ಮನೆಯನ್ನು ಶತ್ರುವಿನದೆಂದು ತಿಳಿದು ಮೈಲಿನ್ ಹೊದಿಕೆಯನ್ನು ಹರಿದುಹಾಕುತ್ತದೆ. ಗಾಯವಾದ ಜಾಗ ಕ್ರಮೇಣ ಗಟ್ಟಿಯಾಗುತ್ತದೆ. ಗಾಯ ಕಣ್ಣಿನ ನರಕ್ಕಾದರೆ ದೃಷ್ಟಿ ಮಂಜಾಗುತ್ತದೆ. ಬೆನ್ನುಹುರಿಗಾದರೆ ಕಾಲು ಸೋಲುತ್ತದೆ.

ಈ ರೋಗಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಅದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ ಎಂಬಾತನ ದಿನಚರಿ ನಮಗೆ ಉಳಿದುಬಂದಿದೆ. ಆತನಿಗಿದ್ದುದು ಇದೇ ರೋಗವೆಂದು ಇಂದಿನ ವೈದ್ಯರು ಗುರುತಿಸುತ್ತಾರೆ. ಆತನ ಕಾಲಕ್ಕೆ ರೋಗಕ್ಕೆ ಹೆಸರೇ ಇರಲಿಲ್ಲ. 1822ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಪ್ತನೊಬ್ಬನ ಅಂತ್ಯಸಂಸ್ಕಾರವಾದ ಮೇಲೆ ಆತನ ಕಣ್ಣು ಮಂಜಾಯಿತು. ಯಾವ ಚಿಕಿತ್ಸೆಯೂ ಇಲ್ಲದೆ ಅದು ತಾನಾಗಿ ತಿಳಿಯಾಯಿತು. ಐದು ವರ್ಷಗಳ ತರುವಾಯ ಫ್ಲಾರೆನ್ಸಿನಲ್ಲಿ ಒಂದು ವಸ್ತು ಎರಡಾಗಿ ಕಾಣತೊಡಗಿತು. ಆಮೇಲೆ ಕಾಲುಗಳು ಶಕ್ತಿಗುಂದಿದವು. ವೈದ್ಯರು ದಿನಕ್ಕೆರಡು ಬಾರಿ ದನದ ಮಾಂಸ ತಿನ್ನಿಸಿದರು, ಬಗೆಬಗೆಯ ದ್ರಾಕ್ಷಾರಸ ಕುಡಿಸಿದರು. ಕಾಲಿಗೆ ಬಲ ಬಂದಿತು, ಮತ್ತೆ ಹೋಯಿತು. ಕೊನೆಗೆ ಊರುಗೋಲು, ಗಾಲಿಕುರ್ಚಿ, 1848ರಲ್ಲಿ ಸಾವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಾಂಸ ತಿಂದ ಮೇಲೆ ಕಾಲಿಗೆ ಬಲ ಬಂದದ್ದು ನಿಜ. ಆದರೆ ಮಾಂಸ ತಿಂದದ್ದರಿಂದ ಬಂದಿತೆ? ಏನೂ ತಿನ್ನದಿದ್ದರೂ ಬರುತ್ತಿತ್ತೆ? ಕಣ್ಣು ತಾನಾಗಿ ಸರಿಯಾದದ್ದನ್ನು ಸ್ವತಃ ಆತನೇ ಬರೆದಿದ್ದಾನೆ. ತಾನಾಗಿ ಇಳಿಯುವ ರೋಗದ ಎದುರಿನಲ್ಲಿ ಪ್ರತಿಯೊಬ್ಬ ವೈದ್ಯನೂ ಧನ್ವಂತರಿಯೇ, ಪ್ರತಿಯೊಂದು ಬೇರೂ ಸಂಜೀವಿನಿಯೇ. ಶಾರ್ಕೋನಂಥ ಮೇಧಾವಿಯೂ ಬಂಗಾರದ ಕ್ಲೋರೈಡು, ಬೆಳ್ಳಿಯ ನೈಟ್ರೇಟು, ಸ್ಟ್ರಿಕ್ನಿನ್ ಇವನ್ನೆಲ್ಲ ಕೊಟ್ಟು ನೋಡಿದ. ಅವುಗಳಿಂದ ಹೆಚ್ಚು ಫಲವಾಗಲಿಲ್ಲವೆಂದು ಒಪ್ಪಿಕೊಂಡ. ಆ ಒಪ್ಪಿಗೆಯೂ ದೊಡ್ಡದೇ.

1945ರಲ್ಲಿ ಸಿಲ್ವಿಯಾ ಲಾರಿ ಎಂಬ ತರುಣಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಹಾಕಿಸಿದಳು. ಆಕೆಯ ತಮ್ಮನಿಗೆ ಈ ರೋಗವಿತ್ತು. ಇದರಿಂದ ಗುಣ ಹೊಂದಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕೆಂಬುದು ಅದರ ತಾತ್ಪರ್ಯ. ಉತ್ತರಗಳು ಬಂದವು. ಆದರೆ ಬರೆದವರು ಗುಣ ಹೊಂದಿದವರಲ್ಲ. ಅವರೂ ರೋಗಿಗಳು ಅಥವಾ ರೋಗಿಗಳ ಬಂಧುಗಳು. ಉತ್ತರವೇನಾದರೂ ಸಿಕ್ಕರೆ ನಮಗೂ ತಿಳಿಸಿ ಎಂಬುದೇ ಅವರ ಉತ್ತರವಾಗಿತ್ತು. ಮರುವರ್ಷ ಆಕೆ ಅಮೆರಿಕದಲ್ಲಿ ಈ ರೋಗದ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದಳು. ಗುಣವಾದವರನ್ನು ಹುಡುಕುವುದರಿಂದ ಪ್ರಯೋಜನವಿಲ್ಲ, ಗುಣವಾಗುವುದು ಎಂದರೇನೆಂದು ಮೊದಲು ಅಳೆಯಬೇಕು ಎಂಬ ತಿಳಿವು ವೈದ್ಯರಲ್ಲಿಯೂ ಆ ಕಾಲದಲ್ಲೇ ಬಲಿಯುತ್ತಿತ್ತು.

ಅಳೆಯುವುದು ಹೇಗೆ? ಜ್ವರವನ್ನು ಅಳೆಯಲು ಕಡ್ಡಿಯಿದೆ. ನಡಿಗೆಯನ್ನು ಅಳೆಯುವ ಕಡ್ಡಿ ಯಾವುದು? ಅಮೆರಿಕದ ನರವಿಜ್ಞಾನಿ ಜಾನ್ ಕರ್ಟ್ಸ್‌ಕಿ 1955ರಲ್ಲಿ ಒಂದು ಅಳತೆಗೋಲನ್ನು ಮಾಡಿದರು. 1983ರಲ್ಲಿ ಅದನ್ನು ವಿಸ್ತರಿಸಿದರು. ಸೊನ್ನೆಯೆಂದರೆ ಏನೂ ದೋಷವಿಲ್ಲ. ಹತ್ತೆಂದರೆ ಈ ರೋಗದಿಂದ ಮರಣ. ನಾಲ್ಕರಲ್ಲಿರುವವರು ಆಸರೆಯಿಲ್ಲದೆ ಐನೂರು ಮೀಟರು ನಡೆಯಬಲ್ಲರು. ಆರರಲ್ಲಿರುವವರಿಗೆ ನೂರು ಮೀಟರಿಗೂ ಒಂದು ಕೋಲು ಬೇಕು. ಏಳನ್ನು ಮುಟ್ಟಿದವರು ಆಸರೆಯಿದ್ದರೂ ಐದು ಮೀಟರಿನಾಚೆ ಹೋಗಲಾರರು. ಒಂದು ಜೀವಮಾನದ ಇಳಿತವನ್ನು ಮೀಟರುಗಳಲ್ಲಿ ಬರೆದಿರುವ ಈ ಪಟ್ಟಿಯನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಆದರೂ ಇದಿಲ್ಲದೆ ಒಬ್ಬ ವೈದ್ಯನ "ಸ್ವಲ್ಪ ಮೇಲು" ಎಂಬ ಮಾತಿಗೂ ಇನ್ನೊಬ್ಬನ "ಸ್ವಲ್ಪ ಮೇಲು" ಎಂಬ ಮಾತಿಗೂ ಹೋಲಿಕೆಯೇ ಸಾಧ್ಯವಿರಲಿಲ್ಲ.

ಇದಕ್ಕಿಂತ ಸರಳವಾದ ಇನ್ನೊಂದು ಅಳತೆಯೂ ಬಳಕೆಗೆ ಬಂದಿತು. ನೆಲದ ಮೇಲೆ ಇಪ್ಪತ್ತೈದು ಅಡಿ ಅಂತರದಲ್ಲಿ ಎರಡು ಗೆರೆ ಎಳೆಯುವುದು. ಬೀಳದಂತೆ, ಆದರೆ ಆದಷ್ಟು ಬೇಗ ನಡೆಯಿರಿ ಎಂದು ಹೇಳುವುದು. ಸ್ಟಾಪ್‌ವಾಚ್ ಒತ್ತುವುದು. ಎರಡು ಸಲ ನಡೆಸಿ ಸರಾಸರಿ ತೆಗೆಯುವುದು. ಇಷ್ಟೇ. ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಒಂದು ತುಂಡು ಸೀಮೆಸುಣ್ಣ ಸಾಕು.

ಈ ಇಪ್ಪತ್ತೈದು ಅಡಿಗಳ ಮೇಲೆ ಪರೀಕ್ಷೆಗೆ ನಿಂತ ಔಷಧಿಯೊಂದರ ಕಥೆ ಸ್ವಾರಸ್ಯವಾಗಿದೆ. ಅದರ ಮೂಲದ ಹೆಸರು ನಾಲ್ಕು-ಅಮೈನೋಪಿರಿಡೀನ್. ಅಮೆರಿಕದಲ್ಲಿ ಹಕ್ಕಿಗಳ ಹಿಂಡನ್ನು ಓಡಿಸಲು ಕಾಳಿಗೆ ಬೆರೆಸುತ್ತಿದ್ದ ವಿಷವದು. ಅದು ಮನುಷ್ಯನ ಕಾಲಿಗೆ ಹೇಗೆ ಬಂದಿತು? ಮೈಲಿನ್ ಹರಿದ ಜಾಗದಲ್ಲಿ, ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಪೊಟ್ಯಾಸಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ನಾಲೆಯ ಏರಿಯಲ್ಲಿ ಬಿರುಕುಬಿಟ್ಟರೆ ನೀರು ದಾರಿಯಲ್ಲೇ ಸೋರಿ ಕೊನೆಯ ಗದ್ದೆಗೆ ತಲುಪದಿರುವಂತೆ, ಸಂದೇಶದ ವಿದ್ಯುತ್ತು ಅಲ್ಲಿ ಸೋರಿ ಮುಂದಕ್ಕೆ ಹೋಗುವುದಿಲ್ಲ. ಈ ರಾಸಾಯನಿಕ ಆ ಬಿರುಕುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಮೈಲಿನ್ ಕಳೆದುಕೊಂಡ ಪ್ರಾಣಿನರಗಳಲ್ಲಿ ಸಂದೇಶ ಮತ್ತೆ ಹರಿಯುವುದನ್ನು ಲಂಡನ್ನಿನ ಸಂಶೋಧಕರು 1980ರಲ್ಲಿ ತೋರಿಸಿದರು. ಅದೇ ದಶಕದಲ್ಲಿ ರೋಗಿಗಳ ಮೇಲೆ ಸಣ್ಣ ಪ್ರಯೋಗಗಳಾದವು. ಪ್ರಮಾಣ ಮೀರಿದರೆ ಅಪಾಯವೂ ಇತ್ತು: ನರಗಳ ಕೆರಳಿಕೆ ಅತಿಯಾಗಿ ಅಪಸ್ಮಾರದಂಥ ಸೆಳವು ಬರಬಹುದು. ಆದ್ದರಿಂದ ನಿಧಾನವಾಗಿ ಕರಗುವ ಹತ್ತು ಮಿಲಿಗ್ರಾಮಿನ ಗುಳಿಗೆಯನ್ನು ಮಾಡಿದರು, ದಿನಕ್ಕೆ ಎರಡು.

ದೊಡ್ಡ ಪರೀಕ್ಷೆಯ ವಿವರ 2009ರಲ್ಲಿ ಪ್ರಕಟವಾಯಿತು. ಅಮೆರಿಕ, ಕೆನಡಗಳ 33 ಕೇಂದ್ರಗಳಲ್ಲಿ 301 ರೋಗಿಗಳು. ಚೀಟಿ ಎತ್ತಿದ ಹಾಗೆ ಅವರನ್ನು ಹಂಚಿದರು: ನಾಲ್ವರಲ್ಲಿ ಮೂವರಿಗೆ ಔಷಧ, ಒಬ್ಬರಿಗೆ ನೋಡಲು ಅದರಂತೆಯೇ ಇದ್ದು ಒಳಗೆ ಏನೂ ಇಲ್ಲದ ಹುಸಿಗುಳಿಗೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ಹದಿನಾಲ್ಕು ವಾರ ಹೀಗೆ ನಡೆಯಿತು. ಫಲಿತವೆನ್ನಲು ಅವರು ಇಟ್ಟ ನಿಯಮ ಕಟ್ಟುನಿಟ್ಟಾದುದು. ಗುಳಿಗೆ ಸೇವಿಸುವಾಗಿನ ನಾಲ್ಕು ಭೇಟಿಗಳ ಪೈಕಿ ಮೂರರಲ್ಲಾದರೂ, ಗುಳಿಗೆಯಿಲ್ಲದ ಐದು ಭೇಟಿಗಳಲ್ಲಿ ಕಂಡ ಅತ್ಯುತ್ತಮ ವೇಗವನ್ನು ಮೀರಿ ನಡೆಯಬೇಕು. ಒಂದು ದಿನದ ಉತ್ಸಾಹ ಸಾಲದು. ಔಷಧ ಪಡೆದವರಲ್ಲಿ ನೂರಕ್ಕೆ 35 ಮಂದಿ ಈ ನಿಯಮಕ್ಕೆ ನಿಂತರು. ಹುಸಿಗುಳಿಗೆಯವರಲ್ಲಿ ನೂರಕ್ಕೆ 8. ಹೀಗೆ ನಿಂತವರ ನಡಿಗೆಯ ವೇಗ ಸರಾಸರಿ ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚಿತ್ತು. ಮೊದಲು ಹನ್ನೆರಡು ಸೆಕೆಂಡು ತೆಗೆದುಕೊಳ್ಳುತ್ತಿದ್ದವರಿಗೆ ಅದು ಸುಮಾರು ಒಂಬತ್ತೂವರೆಗೆ ಇಳಿದಂತೆ. ಎರಡನೆಯ ಪರೀಕ್ಷೆಯೂ ಇದನ್ನು ಸಮರ್ಥಿಸಿತು. 2010ರ ಜನವರಿಯಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು.

ಎರಡೂವರೆ ಸೆಕೆಂಡು! ಇದೊಂದು ದೊಡ್ಡ ವಿಷಯವೇ ಎಂದು ಕಾಲು ಗಟ್ಟಿಯಿರುವವರು ಕೇಳಬಹುದು. ರಸ್ತೆ ದಾಟುವ ನಡುವೆ ದೀಪ ಬದಲಾದವರನ್ನು ಕೇಳಿ, ಹೇಳುತ್ತಾರೆ. ಆದರೆ ಮೂವರಲ್ಲಿ ಸುಮಾರು ಇಬ್ಬರಿಗೆ ಈ ಗುಳಿಗೆಯಿಂದ ಏನೂ ಆಗಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ರೋಗವನ್ನು ಇದು ತಡೆಯುವುದೂ ಇಲ್ಲ, ಹರಿದ ಹೊದಿಕೆಯನ್ನು ಹೊಲಿಯುವುದೂ ಇಲ್ಲ. ಸೆಳವಿನ ಚರಿತ್ರೆಯಿದ್ದವರಿಗೆ, ಮೂತ್ರಪಿಂಡ ಕೆಟ್ಟವರಿಗೆ ಕೊಡಬಾರದು.

ಹುಸಿಗುಳಿಗೆಯ ಮಹಿಮೆಯನ್ನು ಇನ್ನೊಂದು ಪರೀಕ್ಷೆಯಲ್ಲಿ ನೋಡಬಹುದು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಡಿಯಾರದ ಬದಲು ರೋಗಿಯನ್ನೇ ಪ್ರಮಾಣವಾಗಿ ಹಿಡಿದರು. ನಿಮ್ಮ ನಡಿಗೆ ನಿಮ್ಮ ದಿನವನ್ನು ಎಷ್ಟು ಕಟ್ಟಿಹಾಕುತ್ತದೆ ಎಂಬ ಹನ್ನೆರಡು ಪ್ರಶ್ನೆಗಳು. ಇಪ್ಪತ್ತನಾಲ್ಕು ವಾರಗಳ ಅವಧಿ. ಗಣನೀಯ ಸುಧಾರಣೆ ಕಂಡವರು ಔಷಧ ಪಡೆದವರಲ್ಲಿ ನೂರಕ್ಕೆ 43. ಏನೂ ಇಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 34! ಅವರು ಸುಳ್ಳು ಹೇಳಿದರೆಂದು ಯಾರೂ ತಿಳಿಯಬಾರದು. ತನ್ನ ಕಡೆಗೆ ಒಬ್ಬರು ಆರು ತಿಂಗಳು ಗಮನವಿಟ್ಟು ನೋಡುತ್ತಿದ್ದಾರೆ ಎಂಬುದೇ ಕಾಲಿಗೆ ಒಂದಿಷ್ಟು ಧೈರ್ಯ ಕೊಡುತ್ತದೆ. ಆ ಧೈರ್ಯ ಎಷ್ಟು, ಮದ್ದು ಎಷ್ಟು ಎಂದು ಬೇರ್ಪಡಿಸುವ ಜರಡಿಯೇ ಹುಸಿಗುಳಿಗೆ.

ಜರಡಿಯನ್ನು ಒಂದೇ ಸಲ ಹಿಡಿದರೆ, ಅಥವಾ ಹಿಡಿಯದೆಯೇ ಇದ್ದರೆ, ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು. ಬಯೋಟಿನ್ ಎಂಬ ಜೀವಸತ್ವವನ್ನು ಭಾರಿ ಪ್ರಮಾಣದಲ್ಲಿ ಕೊಟ್ಟರೆ ರೋಗ ಮುಂದುವರಿದವರ ನಡಿಗೆಯೂ ಸುಧಾರಿಸುತ್ತದೆಂದು ಫ್ರಾನ್ಸಿನ ಪರೀಕ್ಷೆಯೊಂದು 2016ರಲ್ಲಿ ಹೇಳಿತು. ಅದರಲ್ಲಿದ್ದವರು 154 ಮಂದಿ. ಔಷಧ ಪಡೆದವರಲ್ಲಿ ನೂರಕ್ಕೆ ಹದಿಮೂರರಷ್ಟು ಜನ ಮೇಲಾದರು. ಹುಸಿಗುಳಿಗೆಯವರಲ್ಲಿ ಒಬ್ಬರೂ ಇಲ್ಲ. ಎಲ್ಲರಿಗೂ ಸಂತೋಷ. ಆದರೆ ವಿಜ್ಞಾನ ಒಮ್ಮೆ ಕೇಳಿ ನಂಬುವುದಿಲ್ಲ. 642 ಮಂದಿಯೊಡನೆ ಮತ್ತೆ ಪರೀಕ್ಷಿಸಿದಾಗ ಔಷಧಕ್ಕೆ 12, ಹುಸಿಗುಳಿಗೆಗೆ 9. ಅಂತರ ಆಕಸ್ಮಿಕವೆನ್ನುವಷ್ಟು ಸಣ್ಣದು. 2020ರಲ್ಲಿ ಇದು ಪ್ರಕಟವಾದಾಗ ಆ ಆಸೆ ಆರಿತು.

ಇನ್ನೊಂದು ಇದಕ್ಕಿಂತ ದಾರುಣವಾದುದು. ಕುತ್ತಿಗೆಯ ಅಭಿಧಮನಿಗಳು ಕಿರಿದಾಗಿ ಮಿದುಳಿನ ರಕ್ತ ಸರಿಯಾಗಿ ಇಳಿಯದಿರುವುದೇ ರೋಗಕ್ಕೆ ಕಾರಣವೆಂದು ಇಟಲಿಯ ವೈದ್ಯ ಪಾವ್ಲೋ ಜಂಬೋನಿ 2009ರಲ್ಲಿ ಸಾರಿದರು. ಬಲೂನು ತೂರಿಸಿ ಅವನ್ನು ಹಿಗ್ಗಿಸಿದರೆ ಗುಣ ಕಾಣುತ್ತದೆ ಎಂದರು. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಕೆನಡದಿಂದ ರೋಗಿಗಳು ಸಾಲಸೋಲ ಮಾಡಿ ಪೋಲೆಂಡಿಗೆ, ಕೋಸ್ಟರಿಕಕ್ಕೆ, ನಮ್ಮ ಭಾರತಕ್ಕೂ ಆ ಚಿಕಿತ್ಸೆಗಾಗಿ ಹಾರಿಬಂದರು. ಕೊನೆಗೆ ಜಂಬೋನಿಯವರೇ 115 ರೋಗಿಗಳಲ್ಲಿ ಕೆಲವರಿಗೆ ನಿಜವಾದ, ಕೆಲವರಿಗೆ ಹುಸಿಯಾದ ಚಿಕಿತ್ಸೆ ಮಾಡಿ ಹೋಲಿಸಿದರು. 2017ರಲ್ಲಿ ಪ್ರಕಟವಾದ ಆ ವರದಿಯ ಸಾರ: ಪ್ರಯೋಜನವಿಲ್ಲ. ತನ್ನ ಕೂಸನ್ನು ತಾನೇ ತಕ್ಕಡಿಗೆ ಹಾಕಿ ತೂಕವಿಲ್ಲವೆಂದು ಸಾರುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಆದರೆ ಆ ಎಂಟು ವರ್ಷಗಳಲ್ಲಿ ಕಳೆದುಹೋದ ಹಣವನ್ನೂ ಆಸೆಯನ್ನೂ ಹಿಂದಕ್ಕೆ ಕೊಡುವವರಿಲ್ಲ.

ನಿರಾಸೆಯ ಮಾತುಗಳೇ ಹೆಚ್ಚಾದವೆಂದು ಶ್ರೋತೃಗಳು ಭಾವಿಸಬಾರದು. ಇದೇ ಜರಡಿಯಲ್ಲಿ ಉಳಿದ ಕಾಳುಗಳೂ ಇವೆ. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಬಂದಿತು. ಮರುಕಳಿಕೆಗಳನ್ನು ಕಡಿಮೆ ಮಾಡಬಲ್ಲದೆಂದು ಸಿದ್ಧಪಟ್ಟು ಅಂಗೀಕೃತವಾದ ಮೊದಲ ಔಷಧ ಅದು. ಅಂದಿನಿಂದ ಹೆಚ್ಚು ಬಲವಾದ ಹಲವು ಔಷಧಗಳು ಬಂದಿವೆ. ಆರಂಭದಿಂದಲೇ ಏರುತ್ತ ಹೋಗುವ ಬಗೆಯ ರೋಗಕ್ಕೂ 2017ರಲ್ಲಿ ಓಕ್ರೆಲಿಜುಮ್ಯಾಬ್ ಎಂಬ ಔಷಧ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ವ್ಯಾಯಾಮದ ವಿಚಾರದಲ್ಲಿಯೂ ನಮ್ಮ ತಿಳಿವಳಿಕೆ ತಿರುಗಿತು. ಮೈ ಕಾವೇರಿದರೆ ಗಾಯಗೊಂಡ ನರಗಳಲ್ಲಿ ಸಂದೇಶ ಇನ್ನಷ್ಟು ತಡವರಿಸುತ್ತದೆ. ನಮ್ಮ ಬಿಸಿಲುಸೀಮೆಯ ರೋಗಿಗಳಿಗೆ ಏಪ್ರಿಲ್, ಮೇ ತಿಂಗಳುಗಳು ಇದನ್ನು ಚೆನ್ನಾಗಿ ಕಲಿಸುತ್ತವೆ. ಈ ಕಾರಣದಿಂದ ದಣಿಯಬೇಡಿ, ಮಲಗಿರಿ ಎಂದೇ ಹಿಂದಿನ ವೈದ್ಯರು ಹೇಳುತ್ತಿದ್ದರು. 1996ರಲ್ಲಿ ಅಮೆರಿಕದಲ್ಲಿ 54 ರೋಗಿಗಳ ಮೇಲೆ ನಡೆದ ಹದಿನೈದು ವಾರಗಳ ಪ್ರಯೋಗ ಇದನ್ನು ಅಲುಗಿಸಿತು. ಹದವರಿತು ವ್ಯಾಯಾಮ ಮಾಡಿದವರ ದೇಹಬಲವೂ ಹೆಚ್ಚಿತು, ಮನಸ್ಸೂ ಹಗುರವಾಯಿತು. ಕಾವಿನಿಂದ ಆಗುವ ತಡವರಿಕೆ ಮೈ ತಣಿದೊಡನೆ ಹೋಗುವಂಥದು. ಅದು ಹೊಸ ಗಾಯವಲ್ಲ.

ಇನ್ನು ನಮ್ಮ ಗಣಿತದ ಅಧ್ಯಾಪಿಕೆಯ ಮಾತು. ರೋಗವನ್ನು ತಡೆಯುವ ಔಷಧ ಅವರಿಗೆ ಬೆಂಗಳೂರಿನಲ್ಲಿ ಆರಂಭವಾಗಿತ್ತು. ನಡಿಗೆಯ ಗುಳಿಗೆಯನ್ನೂ ಎರಡು ವಾರ ಕೊಟ್ಟು ನೋಡೋಣವೆಂದು ತಜ್ಞರು ಬರೆದಿದ್ದರು. ನನ್ನ ಚಿಕಿತ್ಸಾಲಯದ ಮೊಗಸಾಲೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆ. ಮೊದಲ ದಿನ ಹದಿಮೂರು ಸೆಕೆಂಡು. ಎರಡು ವಾರಗಳ ಗುಳಿಗೆಯ ತರುವಾಯ ಮತ್ತೆ ನಡೆದರು. ಗಡಿಯಾರ ಒತ್ತಿ ನೋಡಿದೆ: ಹತ್ತೂವರೆ. ನನ್ನ ಮುಖ ಅರಳಿರಬೇಕು. ಅವರು ಗೋಡೆ ಹಿಡಿದು ನಿಂತು, ಕೆಳಗೆ ನೋಡಿ, "ಡಾಕ್ಟ್ರೇ, ನೀವು ಒತ್ತಿದಾಗ ನನ್ನ ಕಾಲು ಇನ್ನೂ ಗೆರೆ ದಾಟಿರಲಿಲ್ಲ" ಎಂದರು.

ನಾನು ಮೋಸ ಮಾಡಬೇಕೆಂದು ಒತ್ತಿದ್ದಲ್ಲ. ಅವರು ಮೇಲಾಗಲಿ ಎಂಬ ಬಯಕೆ ನನ್ನ ಹೆಬ್ಬೆರಳಿಗೆ ಇಳಿದಿತ್ತು, ಅಷ್ಟೆ. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿ ಕಲಿಯದ ಪಾಠವನ್ನು ಆ ಒಂದು ಮಾತು ಕಲಿಸಿತು. ಅಳೆಯುವವರಿಗೂ ಯಾವುದು ಔಷಧವೆಂದು ತಿಳಿಯಬಾರದು ಎಂಬ ನಿಯಮವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಬೇರೆಯವರಿಗಾಗಿ ಬರೆದದ್ದೆಂದು ತಿಳಿದಿದ್ದೆ. ಸ್ವಲ್ಪ ಹೊತ್ತು ಅವರನ್ನು ಕೂರಿಸಿ ನೀರು ಕೊಟ್ಟು, ಗಡಿಯಾರವನ್ನು ನಮ್ಮ ನರ್ಸಮ್ಮನ ಕೈಗೆ ಕೊಟ್ಟೆ. ವಿಷಯವೇನೆಂದು ಆಕೆಗೆ ಗೊತ್ತಿರಲಿಲ್ಲ. ಹನ್ನೆರಡು ಸೆಕೆಂಡು ಎಂಟು ದಶಾಂಶ. ಇನ್ನೊಮ್ಮೆ: ಹದಿಮೂರು.

"ಹಾಗಾದರೆ ನಾನು ಮೂವರಲ್ಲಿ ಆ ಇಬ್ಬರ ಕಡೆಯವಳು" ಎಂದು ಅವರು ನಕ್ಕರು. ಗುಳಿಗೆ ನಿಲ್ಲಿಸಿದೆವು. ಸುಳ್ಳು ಹತ್ತೂವರೆಯನ್ನು ನಂಬಿದ್ದರೆ ಅವರು ತಿಂಗಳು ತಿಂಗಳು ದುಡ್ಡು ತೆತ್ತು, ಅಪಾಯವನ್ನೂ ಹೊತ್ತು, ಸೋತ ಕಾಲಿಗೆ ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. ಅದರ ಬದಲು ವಾರಕ್ಕೆ ಮೂರು ಬೆಳಗು, ಬಿಸಿಲೇರುವ ಮೊದಲು, ಕಾಲಿನ ವ್ಯಾಯಾಮ ಹಿಡಿದರು. ಮುಖ್ಯೋಪಾಧ್ಯಾಯರೊಂದಿಗೆ ನಾನೂ ಮಾತಾಡಿದೆ. ಹತ್ತನೆಯ ತರಗತಿಯನ್ನು ಸ್ಟಾಫ್ ರೂಮಿನ ಪಕ್ಕದ ಕೋಣೆಗೆ ವರ್ಗಾಯಿಸಿದರು.

ಕಳೆದ ಸಲ ಬಂದಾಗ ಕೇಳಿದೆ: "ಈಗ ಎಷ್ಟು ಹೆಜ್ಜೆ ಟೀಚರ್?"

"ಹನ್ನೊಂದು."

"ಇನ್ನೂ ಎಣಿಸುತ್ತೀರಾ?"

"ಲೆಕ್ಕದವಳು, ಎಣಿಸದೆ ಹೇಗಿರಲಿ ಡಾಕ್ಟ್ರೇ?" ಎಂದರು.

ಮೊಗಸಾಲೆಯ ಆ ಎರಡು ಗೆರೆಗಳಿಗೆ ಆಮೇಲೆ ಬಣ್ಣ ಹಾಕಿಸಿದ್ದೇನೆ. ಗಡಿಯಾರವನ್ನು ಮಾತ್ರ ನಾನು ಹಿಡಿಯುವುದಿಲ್ಲ.